ತುಟಿ ಇಲ್ಲದ ಪೆಟ್ಟಿಗೆ

ಐತವಾರ ಭೋಂಗಾ ಊದುತ್ತಿರಲಿಲ್ಲ.
ಆದರೂ ಐದಕ್ಕೇ ಎಚ್ಚರ ಸೋಲಾಪುರಕ್ಕೆ,
ಊದದ ಭೋಂಗಾ ಕೇಳಿ.

ಅಪ್ಪ ಮಾತ್ರ ಮಲಗಿರುತ್ತಿದ್ದ.
ಹದಿನೆಂಟು ವರ್ಷ ಸಾಂಚಾಗಳ ನಡುವೆ ನಿಂತ ಕಿವಿ
ಲಾಳಿಯ ಏಟಿಗೆ ಎಂದೋ ಮುಚ್ಚಿಕೊಂಡಿತ್ತು.
ಮಿಲ್ಲಿನೊಳಗೆ ಅದೊಂದು ಕೊರತೆಯೇ ಅಲ್ಲ;
ಅಲ್ಲಿ ಯಾರೂ ಕೇಳುವುದಿಲ್ಲ, ನೋಡುತ್ತಾರೆ.
ನಾಲ್ಕು ಸಾಂಚಾ ಆಚೆಯಿಂದ ಖಾಜಾಭಾಯಿ
ಬರೀ ತುಟಿ ಆಡಿಸಿ ತಂಬಾಕು ಕೇಳಿದರೆ
ಇತ್ತಿಂದ ಅಪ್ಪ ಸದ್ದಿಲ್ಲದೆ ಬೈಯುತ್ತಿದ್ದ.
ನಮ್ಮ ಮನೆಯೂ ಹಾಗೆಯೇ. ಅವ್ವ ದನಿ ತೆಗೆಯದೆ
ಜಗಳಾಡುತ್ತಿದ್ದಳು. ಚಾಳಿನವರು ತಿಳಿದಿದ್ದರು
ಮಲಕಾರಿಯ ಸಂಸಾರ ಭಾಳ ಸಮಾಧಾನದ್ದೆಂದು.

ಅಂಥವನು ರೇಡಿಯೋ ತಂದ.
ಕಂತಿನ ಮೇಲೆ, ಟಾಂಗಾದಲ್ಲಿ,
ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು,
ಅಂಗಿಯ ಜೇಬಿನಲ್ಲಿ ಪೋಸ್ಟಾಫೀಸಿನ ಲೈಸೆನ್ಸು ಪುಸ್ತಕ.
"ಇವಗ್ಯಾಕ ಇದು?" ಎಂದಳು ಅಜ್ಜಿ,
ಅವನು ಓದಬಾರದೆಂದು ಬಾಯಿಗೆ ಸೆರಗು ಹಿಡಿದು.

ಮಾಳಿಗೆಯಿಂದ ಎದುರು ಮಾಳಿಗೆಗೆ ತಾಮ್ರದ ಏರಿಯಲ್.
ಅದರ ಮೇಲೆ ಮೊದಲ ವಾರವೇ ಭಾಗೀರಥಿ ಕಾಕೂ
ಮೊಮ್ಮಗನ ಅಂಗಿ ಒಣಹಾಕಿದಳು.
ಧಾರವಾಡ ಒದ್ದೆಯಾಗಿ ಬಂತು ಆವತ್ತು.

ಮುಳ್ಳು ತಿರುಗಿಸುವುದು ಅಪ್ಪನದೇ ಕೆಲಸ.
ಹಸಿರು ಕಣ್ಣೊಂದಿತ್ತು ಪೆಟ್ಟಿಗೆಗೆ,
ಸ್ಟೇಷನ್ನು ಸಿಕ್ಕರೆ ಬೆಕ್ಕಿನದರಂತೆ ಕಿರಿದಾಗುತ್ತಿತ್ತು.
ಆ ಕಣ್ಣು ನೋಡುವನು, ಆಮೇಲೆ ನಮ್ಮ ಮುಖ ನೋಡುವನು.
ಕಾಕೂ ತಲೆದೂಗಿದರೆ ಪುಣೆ.
ನರ್ಸಮ್ಮನ ಬೆರಳು ಬೀಡಿಯ ಎಲೆಯ ಮೇಲೆ ನಿಂತರೆ ಹೈದರಾಬಾದು.
ಹುಡುಗರೆಲ್ಲ ಒಮ್ಮೆಲೇ ಹತ್ತಿರ ಸರಿದರೆ ಸಿಲೋನು.
ಅವ್ವ ರೊಟ್ಟಿ ಬಡಿಯುವುದು ನಿಂತಿತೋ,
ಮುಳ್ಳನ್ನು ಅಲ್ಲೇ ಬಿಟ್ಟು, ಕೈ ಒರೆಸಿಕೊಂಡು ಕೂರುವನು.

ಅಂಗೈ ಪೆಟ್ಟಿಗೆಯ ಮೇಲೆ.
"ನಡಗತೈತಿ," ಅನ್ನುವನು, "ಸಾಂಚಾದ ಮರಿ."
ಒಂದು ದಿನ ನಕ್ಕು ಹೇಳಿದ:
"ಎಲ್ಲಾ ಛಲೋ ಐತಿ. ತುಟಿ ಒಂದ ಇಲ್ಲ ನೋಡ."

ಅವತ್ತಿನಿಂದ ನಾನು ತುಟಿ.
ಒಂಬತ್ತು ವರ್ಷ ನನಗೆ. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು
ವಾರ್ತೆ, ಹವಾಮಾನ, ಜೋಳದ ಧಾರಣೆ,
ಕೀರ್ತನಕಾರನ ಕೆಮ್ಮು ಸಹಿತ
ದನಿಯಿಲ್ಲದೆ ಒಪ್ಪಿಸುತ್ತಿದ್ದೆ.
ಗೊತ್ತಾಗದ ಮಾತು ಬಂದರೆ ಮಳೆ ಎನ್ನುತ್ತಿದ್ದೆ.
ಅಪ್ಪನ ಲೆಕ್ಕದಲ್ಲಿ ಆ ವರ್ಷ ದೇಶದ ತುಂಬ ಮಳೆ.

ಒಂದು ಐತವಾರ ರಾತ್ರಿ ಧಾರವಾಡದಿಂದ ನಾಟಕ.
ಒಬ್ಬ ಟಪಾಲಿನವ, ಯಾವಳೋ ಹೆಣ್ಣುಮಗಳಿಗೆ ಬಂದ ಪತ್ರವನ್ನು
ಹನ್ನೊಂದು ವರ್ಷ ಚೀಲದ ತಳದಲ್ಲಿ ಬಚ್ಚಿಟ್ಟವ,
ಕಡೆಗೂ ಅವಳ ಬಾಗಿಲ ಚಿಲಕ ಅಲುಗಿಸಿದ.
ಚಿಲಕದ ಸದ್ದು. ಅದನ್ನು ತುಟಿಯಲ್ಲಿ ಹೇಗೆ ಹೇಳುವುದೆಂದು
ನಾನು ತಡವರಿಸುತ್ತಿರುವಾಗಲೇ
ಕರೆಂಟು ಹೋಯಿತು.

ಚಾಳಿಗೆ ಚಾಳೇ ನಾಲ್ಕು ಭಾಷೆಯಲ್ಲಿ ಬೈದು
ಚಾಪೆ ಸುತ್ತಿಕೊಂಡು ಎದ್ದಿತು.
ಹಸಿರು ಕಣ್ಣು ಮೆಲ್ಲಗೆ ಒಳಕ್ಕೆ ಸರಿದು ಆರಿದ್ದನ್ನು
ಅಪ್ಪನೂ ನೋಡಿದ. ನನ್ನ ಜೊತೆಗೇ ನೋಡಿದ.
ಎದ್ದು, ಚಿಮಣಿ ಹಚ್ಚಿ ತಂದು,
ನನ್ನ ಬಾಯಿಯ ಹತ್ತಿರ ಹಿಡಿದು,
"ಮುಂದ?" ಅಂದ.

ಗಾಸಲೇಟಿನ ವಾಸನೆ. ಗಲ್ಲಕ್ಕೆ ಬಿಸಿ.
ಮುಂದ, ಆಕಿ ಬಾಗಲಾ ತಗದ್ಲು.
ಮುಂದ, ಆಕಿಗಿ ಓದಾಕ ಬರೂದಿಲ್ಲ.
ಮುಂದ, ಅವನ ಓದಿದ. ಕಾಗದದಾಗ ಇಲ್ಲದ್ದ ಓದಿದ.
ನಿನ್ನ ಗಂಡ ಹಡಗಿನಾಗ ಅದಾನ, ದೊಡ್ಡ ಹಡಗ, ಬರತಾನ,
ಬರೂ ಮುಂದ ಸೀರಿ ತರತಾನ...
ಅವ್ವ ಕತ್ತಲಲ್ಲಿ ನನ್ನ ಬೆನ್ನ ಹಿಂದೆಯೇ ಇದ್ದಳು.
ಅವಳಿಗೆ ಏನೂ ಕೇಳಿಸಲಿಲ್ಲ.

ಮರುದಿನ ಭೋಂಗಾ.
ಸಾಂಚಾಗಳ ಗದ್ದಲದ ಮೇಲೆ ಅಪ್ಪನ ತುಟಿಯಿಂದ
ಖಾಜಾಭಾಯಿಗೆ, ಅಲ್ಲಿಂದ ನರ್ಸಮ್ಮನ ಗಂಡನಿಗೆ.
ಬುಧವಾರ ನಳದ ಸಾಲಿನಲ್ಲಿ, ಕೊಡ ತುಂಬುವಷ್ಟು ಹೊತ್ತು,
ಅರ್ಧ ತೆಲುಗು ಅರ್ಧ ಕನ್ನಡದಲ್ಲಿ
ನನ್ನ ನಾಟಕವನ್ನು ನರ್ಸಮ್ಮ ನನಗೇ ಹೇಳಿದಳು.

ಅವಳ ಕಥೆಯಲ್ಲಿ ಆ ಹೆಣ್ಣಿಗೆ ಓದಲು ಬರುತ್ತಿತ್ತು.
ಸುಮ್ಮನೆ ಕೇಳಿಸಿಕೊಂಡಳಂತೆ, ಕೊನೆಯವರೆಗೂ.